ದೊರೆಸಾನಿ ಆಟ

ನನ್ನ ತಂಗಿ ಬಿಳಿ ಇದ್ದಳು. ಬೆಳ್ಳಗಿದ್ದಳು ಎನ್ನುತ್ತಿಲ್ಲ; ನಮ್ಮ ಕಡೆ ಗೋಧಿ ಬಣ್ಣದ ಹುಡುಗಿಗೂ ಬೆಳ್ಳಗಿದ್ದಾಳೆ ಎಂದೇ ಹೇಳುತ್ತಾರೆ. ಇವಳು ಹುಟ್ಟುವಾಗಲೇ ಕೂದಲು ಬಿಳಿ, ಹುಬ್ಬು ಬಿಳಿ, ರೆಪ್ಪೆಯೂ ಬಿಳಿ. ಕಣ್ಣು ತಿಳಿ ನೀಲಿ, ಬಿಸಿಲಿನಲ್ಲಿ ತೆರೆಯಲಾಗದ ಕಣ್ಣು. ಚರ್ಮಕ್ಕೆ ಬಣ್ಣ ಕೂಡದೆ ಹುಟ್ಟುವ ಮಕ್ಕಳು ಎಲ್ಲ ಜನರಲ್ಲೂ ಇರುತ್ತಾರೆ ಎಂದು ಈಗ ಡಾಕ್ಟರುಗಳು ಹೇಳುತ್ತಾರೆ. ಆಗ ನಮಗೆ ಹೇಳುವವರಿರಲಿಲ್ಲ. ಹೇಳಿದ್ದರೂ ನಾವು ಕೇಳುತ್ತಿದ್ದೆವು ಎಂದು ನನಗೇನೂ ನಂಬಿಕೆಯಿಲ್ಲ.

ಅಪ್ಪ ಕೂಸಿನ ಮುಖ ನೋಡಿ "ಇದು ನಮ್ಮ ಜನ ಅಲ್ಲ" ಎಂದವನೇ ಅಂಗಡಿಗೆ ಹೋಗಿ ಕೂತನಂತೆ. ಮಂಡಿಪೇಟೆಯಲ್ಲಿ ನಮ್ಮದು ಒಣಮೆಣಸಿನಕಾಯಿ ಮಂಡಿ. ಮುಂದೆ ಅಂಗಡಿ, ಹಿಂದೆ ಮನೆ. ಅವನ ಮಾತು ಸಂಜೆಯೊಳಗೆ ಪೇಟೆಯೆಲ್ಲ ತಿರುಗಿತು. ಯಾವ ದೊರೆ ಯಾವಾಗ ದಾವಣಗೆರೆಗೆ ಬಂದಿದ್ದ, ಯಾವ ಬಂಗಲೆಯಲ್ಲಿ ಇಳಿದಿದ್ದ ಎಂದು ಜನ ಕಟ್ಟೆಯ ಮೇಲೆ ಕೂತು ವಿಚಾರ ಮಾಡಿದರು. ಅವ್ವ ತಲೆ ಮೇಲಿನ ಸೆರಗು ತೆಗೆಯದ, ಹೊಸಲು ದಾಟದ ಹೆಂಗಸು ಎನ್ನುವುದು ಅವರ ವಿಚಾರಕ್ಕೆ ಅಡ್ಡ ಬರಲಿಲ್ಲ.

ಅವ್ವ ಮಾತ್ರ ದಿನಾ ಬೆಳಿಗ್ಗೆ ಹರಳೆಣ್ಣೆಯಲ್ಲಿ ಕಾಡಿಗೆ ಕಲಸಿ ಕೂಸಿನ ಹುಬ್ಬು ಬರೆಯುತ್ತಿದ್ದಳು. ಬೇರೆ ತಾಯಂದಿರು ಮಕ್ಕಳು ಬೆಳ್ಳಗಾಗಲಿ ಎಂದು ಕಡಲೆಹಿಟ್ಟು ತಿಕ್ಕಿದರೆ ನಮ್ಮವ್ವ ಕಪ್ಪಾಗಲಿ ಎಂದು ಬಿಸಿಲಿಗೆ ಮಲಗಿಸಿ ನೋಡಿದಳು. ಮೈಯೆಲ್ಲ ಬೊಬ್ಬೆ ಎದ್ದಿತು. ಆಮೇಲೆ ಅಪ್ಪನ ಕಣ್ಣಿಗೆ ಬೀಳದಿರಲಿ ಎಂದು ತಂಗಿಯನ್ನು ಹರಿಹರದಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟಳು. ದಾವಣಗೆರೆಯ ಜನ ನಿಧಾನವಾಗಿ ಅವಳನ್ನು ಮರೆತರು. ಸತ್ತುಹೋಗಿರಬೇಕು ಎಂದುಕೊಂಡವರೂ ಇದ್ದರು.

ನಾನು ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು, ಕಪ್ಪು. "ಬಣ್ಣ ಹಚ್ಚೋವಾಗ ದೇವ್ರಿಗೆ ಕೈ ತಪ್ಪೈತೆ. ಇದ್ದಬದ್ದದ್ದೆಲ್ಲ ನಿನಗೇ ಸುರುವಿ, ಅಕಿಗೆ ಖಾಲಿ ಗಡಿಗಿ ತೋರಿಸ್ಯಾನೆ" ಎನ್ನುತ್ತಿದ್ದಳು ಹರಿಹರದ ಅಜ್ಜಿ. ನಮ್ಮಿಬ್ಬರಲ್ಲಿ ಒಂದೇ ತರ ಇದ್ದದ್ದು ಕಾಲು ಮಾತ್ರ. ಇಬ್ಬರಿಗೂ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ, ಅದೂ ಸ್ವಲ್ಪ ಹೊರಗೆ ಸೊಟ್ಟ. ಅಜ್ಜಿಯದೂ ಅದೇ ಕಾಲು.

ಒಮ್ಮೆ ಬೇಸಿಗೆ ರಜೆಗೆ ನಾನು ಹರಿಹರಕ್ಕೆ ಹೋಗಿದ್ದಾಗ ಅಜ್ಜಿಗೆ ಏನು ಹೊಳೆಯಿತೋ, ತಂಗಿಯ ಕೈ ಹಿಡಿದುಕೊಂಡು, ನನ್ನನ್ನೂ ಜೊತೆಗೆ ಕರೆದುಕೊಂಡು, ಊರಿನಲ್ಲಿ ಔಷಧಿ ಕೊಡುತ್ತಿದ್ದ ಒಬ್ಬ ಬಿಳಿ ಹೆಂಗಸಿನ ಬಳಿ ಹೋದಳು. ಎಲ್ಲರೂ ಮಿಷನ್ ಅಮ್ಮ ಎಂದು ಕರೆಯುತ್ತಿದ್ದರು. ಅಜ್ಜಿ ನಿಂತ ಕಾಲಲ್ಲೇ, "ನಿಮ್ಮ ಜನದ ಕೂಸು ಅಮ್ಮಾರೇ, ದಾರಿ ತಪ್ಪಿ ನಮ್ಮನಿಗೆ ಬಂದೈತೆ, ಇಟ್ಕೊಳ್ರಿ" ಎಂದಳು. ತಮಾಷೆಗಲ್ಲ. ಹಾದಿ ತಪ್ಪಿದ ಕರುವನ್ನು ಒಡೆಯನ ಮನೆಗೆ ಮುಟ್ಟಿಸುವಷ್ಟೇ ಪ್ರಾಮಾಣಿಕವಾಗಿ ಹೇಳಿದಳು. ಮಿಷನ್ ಅಮ್ಮ ತಂಗಿಯ ಗಲ್ಲ ಎತ್ತಿ ನೋಡಿದಳು. ತನ್ನ ಪುಸ್ತಕದ ಕನ್ನಡದಲ್ಲಿ, "ಇವಳು ನಿಮ್ಮವಳೇ. ನಮ್ಮ ದೇಶದಲ್ಲಿಯೂ ಇಂಥ ಮಕ್ಕಳು ಹುಟ್ಟುತ್ತಾರೆ. ಅಲ್ಲಿಯೂ ಜನ ನಿಂತು ನೋಡುತ್ತಾರೆ" ಎಂದಳು. ಬಿಸಿಲಿಗೆ ಹಾಕಿಕೊಳ್ಳಲು ಒಂದು ಹಳೆಯ ಟೋಪಿ, ಒಂದು ಕಪ್ಪು ಕನ್ನಡಕ ಕೊಟ್ಟು ಕಳಿಸಿದಳು.

ನನಗೆ ಅವಳ ಮಾತು ಬೇಕಿರಲಿಲ್ಲ, ಟೋಪಿ ಬೇಕಿತ್ತು. ಆ ಬೇಸಿಗೆ ರಜೆಯಲ್ಲೇ ನಾನು ದೊರೆಸಾನಿ ಆಟ ಕಟ್ಟಿದ್ದು. ಹಿತ್ತಲಲ್ಲಿ ಕೊಳಗ ಬೋರಲು ಹಾಕಿ ಅದರ ಮೇಲೆ ತಂಗಿಯನ್ನು ಕೂಡಿಸುತ್ತಿದ್ದೆವು. ಟೋಪಿ, ಕನ್ನಡಕ, ತಲೆಯ ಮೇಲೆ ಅಜ್ಜನ ಛತ್ರಿ. ಮಾವನ ಮಕ್ಕಳು ಜವಾನರು, ನಾನು ದುಭಾಷಿ. ಅವಳು "ಲಾಟು ಪೂಟು ಡೀಸು" ಎಂದರೆ ನಾನು "ದೊರೆಸಾನಿಯವರು ಮಂಡಕ್ಕಿ ತರಬೇಕು ಅಂತಾರೆ" ಎನ್ನುತ್ತಿದ್ದೆ. ಮಂಡಕ್ಕಿ ತಿನ್ನುತ್ತಿದ್ದವಳೂ ನಾನೇ.

ಆಟಕ್ಕೆ ಎರಡು ಕಾನೂನು. ದೊರೆಸಾನಿ ಕನ್ನಡ ಮಾತಾಡುವಂತಿಲ್ಲ. ದೊರೆಸಾನಿ ಅಳುವಂತಿಲ್ಲ, ಅತ್ತರೆ ಸೋತ ಹಾಗೆ. ಸೋತರೆ ಮಾರನೆಯ ದಿನ ಅವಳು ದೊರೆಸಾನಿಯಲ್ಲ, ಬಿಳಿ ದೆವ್ವ. ಅವಳ ಜೊತೆ ಯಾರೂ ಮಾತಾಡುವುದಿಲ್ಲ. ಆದ್ದರಿಂದ ಅಳಿಸುವುದೇ ನಮ್ಮ ಕೆಲಸವಾಯಿತು. ಚಿವುಟುತ್ತಿದ್ದೆವು. ಛತ್ರಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಿಸಿಲಿಗೆ ಬಿಡುತ್ತಿದ್ದೆವು. "ನಿಮ್ಮವ್ವ ನಿನ್ನ ಬಿಟ್ಟು ಹೋದ್ಲು" ಎಂದು ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ಅದು ನನ್ನ ಅವ್ವನೂ ಹೌದು ಎನ್ನುವುದು ಆಗ ನನ್ನ ತಲೆಗೇ ಬರುತ್ತಿರಲಿಲ್ಲ. ಮೊದಮೊದಲು ಅವಳು ಸೋಲುತ್ತಿದ್ದಳು. ಆರು ವರ್ಷದ ಹುಡುಗಿ, ಎಷ್ಟು ತಡೆದಾಳು! ಆದರೆ ಎರಡು ಬೇಸಿಗೆ ಕಳೆಯುವುದರೊಳಗೆ ಕಲಿತುಬಿಟ್ಟಳು. ತೋಳು ಕೆಂಪಾದರೂ ತುಟಿ ಅಲುಗುತ್ತಿರಲಿಲ್ಲ. "ಲಾಟು ಪೂಟು" ಎನ್ನುತ್ತಾ ನನ್ನನ್ನೇ ನೋಡುತ್ತಿದ್ದಳು.

ರಾತ್ರಿ ಮಲಗಿದಾಗ ಅವಳು ನಿಜವಾಗಿ ಆ ಜನದಲ್ಲೇ ಹುಟ್ಟಿದ್ದರೆ ಏನೇನಾಗುತ್ತಿತ್ತು ಎಂದು ನಾನು ಅವಳಿಗೆ ಕಥೆ ಕಟ್ಟಿ ಹೇಳುತ್ತಿದ್ದೆ. ಬಿಸಿಲೇ ಇಲ್ಲದ ಊರು, ಬೆಣ್ಣೆ ಹಚ್ಚಿದ ಬ್ರೆಡ್ಡು, ಪಿಯಾನೋ, ಹಡಗು. ಅವಳು ಪೂರ್ತಿ ಕೇಳಿ, "ಅಲ್ಲಿ ನೀನೂ ಇರ್ತೀಯೇನಕ್ಕಾ?" ಎನ್ನುತ್ತಿದ್ದಳು. "ನಾನು ಕರಿಯಾಕಿ, ನನ್ನ ಹೆಂಗೆ ಬಿಡ್ತಾರೆ?" ಎಂದರೆ, "ಹಂಗಾರೆ ನನಗೆ ಬ್ಯಾಡ" ಎಂದು ಆ ಕಡೆ ಹೊರಳುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಚಂದದ ದೇಶ ಕಟ್ಟಿ ಕೊಟ್ಟರೆ ಬೇಡ ಎನ್ನುತ್ತಾಳಲ್ಲ ಎಂದು.

ನನಗೆ ಹದಿನೆಂಟು ತುಂಬಿದಾಗ ಕುಕ್ಕುವಾಡದಿಂದ ಹೆಣ್ಣು ನೋಡಲು ಬಂದರು. ಹೊಲ ತೋಟ ಇದ್ದ ಮನೆ, ಹುಡುಗ ಓದಿದವನು. ನಾಲ್ಕು ಕಡೆಯವರು ನೋಡಿ "ಬಣ್ಣ ಸಾಲದು" ಎಂದು ಹೋದ ಮೇಲೆ ಬಂದ ಐದನೆಯ ಸಂಬಂಧ. ಇದೂ ತಪ್ಪಿದರೆ ನಿನ್ನನ್ನು ಮಂಡಿಯಲ್ಲೇ ಕೂಡಿಸಿ ಮೆಣಸಿನಕಾಯಿ ತೊಟ್ಟು ಮುರಿಸುತ್ತೇನೆ ಎಂದು ಅಪ್ಪ ಹೇಳಿದ್ದ. ನೆರವಿಗೆಂದು ಅಜ್ಜಿ ಹಿಂದಿನ ದಿನವೇ ಹರಿಹರದಿಂದ ಬಂದಿದ್ದಳು, ಹದಿನಾಲ್ಕರ ತಂಗಿಯನ್ನು ಬಿಟ್ಟು ಬರಲಾಗದೆ ಕರೆದುಕೊಂಡೇ ಬಂದಿದ್ದಳು. ಮನೆಯಲ್ಲಿ ಇಂಥವಳೊಬ್ಬಳು ಇದ್ದಾಳೆಂದು ಗೊತ್ತಾದರೆ ಮುಗಿಯಿತು, ನಾಳೆ ನನ್ನ ಹೊಟ್ಟೆಯಲ್ಲೂ ಇಂಥದ್ದೇ ಹುಟ್ಟೀತು ಎನ್ನುತ್ತಾರೆ. ಅವಳನ್ನು ಮೆಣಸಿನಕಾಯಿ ಚೀಲದ ಕೋಣೆಯಲ್ಲಿ ಕೂಡಿಸಿ ಬಾಗಿಲು ಮುಂದೆ ಮಾಡಿದರು.

ಅಲ್ಲಿ ಕೂಡಿಸಿದ್ದೇ ತಪ್ಪಾಯಿತು. ಹುಡುಗನ ತಾಯಿ ನನ್ನ ಜಡೆ ಮುಟ್ಟಿ ನೋಡುತ್ತಿದ್ದಾಗ ಒಳಗೆ ಸೀನು ಶುರುವಾಯಿತು. ಒಂದು, ಎರಡು, ಹತ್ತು. ಕೊನೆಗೆ ಬಾಗಿಲು ದಬ್ಬಿಕೊಂಡು ತಂಗಿ ಪಡಸಾಲೆಗೆ ಬಂದಳು. ಲಂಗ, ಪೋಲ್ಕ, ಬಿಳಿ ಜಡೆ, ಕೆಂಪು ಕಣ್ಣು, ಮೂಗಲ್ಲಿ ನೀರು. ಅಪ್ಪನ ಮುಖ ಇದ್ದಿಲಾಯಿತು. ಅವ್ವ ಗೋಡೆ ಹಿಡಿದಳು.

ಮಾತಾಡಿದವಳು ನಾನು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ತಾನಾಗಿ ಬಾಯಿ ಬಿಡಬಾರದು, ನಾನು ಬಿಟ್ಟೆ. "ಇವ್ರು ಹರಿಹರದ ಮಿಷನ್ ಅಮ್ಮಾರ ಕಡೆಯ ಹುಡುಗಿ ರೀ. ನಮ್ಮಜ್ಜಿ ಜೋಡಿ ಊರು ನೋಡಾಕ ಬಂದಾರೆ. ಲಂಗ ಉಟ್ಕೋಬೇಕು ಅಂತ ಆಸಿ ಮಾಡಿದ್ರು, ನಂದೇ ಉಡಿಸಿವಿ." ಆಮೇಲೆ ತಂಗಿಯ ಕಡೆ ತಿರುಗಿ, ನಗುಮುಖ ಮಾಡಿ, "ಲಾಟು ಪೂಟು ಡೀಸು?" ಎಂದೆ.

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಸೆಟೆದು ನಿಂತಳು. ಗಲ್ಲ ಮೇಲೆ ಮಾಡಿ, "ಡೀಸು ಪೂಟು" ಎಂದಳು. ಕಣ್ಣಲ್ಲಿದ್ದ ನೀರನ್ನು ಬೆರಳಿನಿಂದ ಒರೆಸಿಕೊಂಡು ಕುರ್ಚಿಯ ಮೇಲೆ ಹೋಗಿ ಕೂತಳು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಯಾರೂ ಆ ಕುರ್ಚಿಯ ಮೇಲೆ ಕೂತಿರಲಿಲ್ಲ.

ಹುಡುಗನ ತಾಯಿ, ಮುಂದೆ ನನ್ನ ಅತ್ತೆಯಾದವರು, ತಂಗಿಯ ಮುಖ ನೋಡಲಿಲ್ಲ. ಅವಳ ಬರಿಗಾಲು ನೋಡಿದರು. ದೊರೆಗಳು ಮನೆಯೊಳಗೂ ಬೂಟು ಹಾಕುತ್ತಾರಲ್ಲ, ಇವಳೇಕೆ ಹಾಕಿಲ್ಲ ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ಹೊರಡುವಾಗ ಅವರು ಅವ್ವನಿಗೆ, "ಹುಡುಗಿ ಚುರುಕಿದ್ದಾಳೆ, ನಮಗೆ ಒಪ್ಪಿಗೆ ಐತೆ. ಮದುವಿಗೆ ಆ ದೊರೆಸಾನಿ ಹುಡುಗಿನೂ ತಪ್ಪದ ಕರೀರಿ, ನಮ್ಮೂರೋರು ನೋಡ್ಲಿ" ಎಂದರು.

ಕರೆಯಲೇಬೇಕಾಯಿತು. ಲಂಗದಲ್ಲಿ ತರುವಂತಿಲ್ಲ, ಫ್ರಾಕು ಹೊಲಿಸಬೇಕು. ಪೇಟೆಯ ದರ್ಜಿ ಸಾಹೇಬರನ್ನು ಮನೆಗೇ ಕರೆಸಿದೆವು. ವಯಸ್ಸಾದ ಮನುಷ್ಯ. ಕೊರಳ ಅಳತೆ ತೆಗೆಯಲು ಟೇಪು ಹಿಡಿದವರು ತಡೆದರು. "ಕೊರಳಾಗ ಶಿವದಾರ ಐತೆ ಅವ್ವಾ" ಎಂದು ಮೆಲ್ಲಗೆ ಹೇಳಿ, ಟೇಪು ಮಡಚಿಕೊಂಡು ಬೀದಿ ಕಡೆ ಮುಖ ತಿರುಗಿಸಿ ನಿಂತರು. ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು ಕಟ್ಟಿದ ಲಿಂಗ, ಬೆಳ್ಳಿಯ ಸಣ್ಣ ಕರಡಿಗೆಯಲ್ಲಿ ಅವಳ ಎದೆಯ ಮೇಲಿತ್ತು. ಸಾಯುವ ತನಕ ಮೈ ಬಿಟ್ಟು ಹೋಗಬಾರದ ಲಿಂಗ. ಫ್ರಾಕಿನ ಕೊರಳಿನಲ್ಲಿ ಅದು ಕಾಣುತ್ತದೆ, ಕಂಡರೆ ಕೆಟ್ಟಿತು.

ಅವ್ವ ನನ್ನ ಮುಖ ನೋಡಿದಳು. ಬೇಡ ಎಂದು ನಾನು ಹೇಳಲಿ ಎಂದು ಕಾದಳು. ನಾನು, "ಎರಡು ದಿನದ ಮಾತು, ತಗಿ" ಎಂದೆ. ತಂಗಿ ತಾನೇ ಕೊರಳು ಬಗ್ಗಿಸಿದಳು. ಅವ್ವ ಕರಡಿಗೆಯನ್ನು ಜಗಲಿಯ ಮೇಲೆ ದೇವರ ಹತ್ತಿರ ಇಟ್ಟು, "ಎರಡು ದಿನಕ್ಕ ಅಷ್ಟೇ" ಎಂದು ಶಿವನಿಗೋ ಮಗಳಿಗೋ ಹೇಳಿದಳು.

ಎರಡು ದಿನ ಏಳು ವರ್ಷವಾಯಿತು. ನನ್ನ ಅತ್ತೆ ಯಾವ ಹಬ್ಬಕ್ಕೂ "ನಿಮ್ಮ ದೊರೆಸಾನಿ ಎಲ್ಲಿ?" ಎಂದು ಕೇಳುವುದು ಬಿಡಲಿಲ್ಲ. ತಂಗಿ ಕುಕ್ಕುವಾಡಕ್ಕೆ ಬರುತ್ತಿದ್ದಳು. ಬೇರೆ ಜನದವಳು, ಪಂಕ್ತಿಯಲ್ಲಿ ಕೂಡುವಂತಿಲ್ಲ, ಕಟ್ಟೆಯ ಮೇಲೆ ಕುರ್ಚಿ. ಅವಳಿಗೆಂದೇ ಗೂಡಿನಲ್ಲಿ ಪಿಂಗಾಣಿಯ ಒಂದು ಕಪ್ಪು-ಬಸಿ ಇಟ್ಟಿದ್ದರು, ಅವನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ನೀರು ಕೇಳಿದರೆ ಬೊಗಸೆಗೆ ಮೇಲಿಂದ ಸುರಿಯಬೇಕು. ಸುರಿಯುತ್ತಿದ್ದವಳು ನಾನು. ಮೊದಲ ಸಲ ಅರ್ಧ ನೀರು ನೆಲಕ್ಕೆ ಚೆಲ್ಲಿದೆ. ಆಮೇಲೆ ರೂಢಿಯಾಯಿತು. ರೂಢಿಯಾಗುವುದಕ್ಕೆ ಎಷ್ಟು ಕಡಿಮೆ ದಿನ ಸಾಕು ಎಂದು ನೆನೆದರೆ ಈಗ ಅಸಹ್ಯವಾಗುತ್ತದೆ, ಆಗ ಆಗಲಿಲ್ಲ.

ಮೊದಲ ಮಗ ಹುಟ್ಟಿದಾಗ ತೊಟ್ಟಿಲಿಗೆ ಹಾಕುವ ದಿನವೂ ಬಂದಿದ್ದಳು. ಕೂಸನ್ನು ನೋಡಿ ಎರಡೂ ಕೈ ಮುಂದೆ ಚಾಚಿದಳು. ಅತ್ತೆ ಕೂಸನ್ನು ಎತ್ತಿಕೊಂಡು ನನ್ನ ಕಡೆ ತಿರುಗಿ, "ಕೊಡ್ಲೇನು? ನೀನೇ ಹೇಳು" ಎಂದರು. ಗಂಡ, ಮೈದುನ, ಊರ ಹೆಂಗಸರು ಎಲ್ಲರೂ ಇದ್ದರು. "ಹೊಸ ಮುಖ ಕಂಡ್ರೆ ಕೂಸು ಬೆದರ್ತೈತೆ ಬಿಡ್ರಿ" ಎಂದೆ. ತಂಗಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. "ಲಾಟು ಪೂಟು" ಎನ್ನಲಿಲ್ಲ. ಅಷ್ಟರಲ್ಲಿ ಅವಳಿಗೆ ನಿಜವಾದ ಇಂಗ್ಲಿಷೇ ಬರುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಮಾವನ ಮನೆಯಲ್ಲೂ ಜಾಗವಿಲ್ಲದೆ ಮಿಷನ್ ಅಮ್ಮನ ಹತ್ತಿರವೇ ಸೇರಿ, ಔಷಧಿ ಪೊಟ್ಟಣ ಕಟ್ಟಿಕೊಂಡು, ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದಳು. ನಾನು ಹೇಳಿದ ಸುಳ್ಳನ್ನು ಅವಳು ಹೊತ್ತು ಹೊತ್ತು ನಿಜ ಮಾಡಿದ್ದಳು.

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಅವ್ವ ಸತ್ತಳು. ಕುಕ್ಕುವಾಡದಿಂದ ನಾವೆಲ್ಲ ಬೆಳಿಗ್ಗೆಯೇ ಹೋದೆವು. ಅವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆ ತುಂಬ ವಿಭೂತಿ. ನಾನು ಬಾಯಿ ಬಡಿದುಕೊಂಡು ಅಳುತ್ತಿದ್ದೆ. ಹನ್ನೊಂದರ ಹೊತ್ತಿಗೆ ತಂಗಿ ಬಂದಳು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊಸಲ ಆಚೆಯೇ ನಿಂತಳು. ನನ್ನ ಗಂಡ ಸೌಜನ್ಯದ ಮನುಷ್ಯ, ಅವಳಿಗೊಂದು ಕುರ್ಚಿ ಹಾಕಿಸಿದ.

ಅಯ್ಯನವರು ಅವ್ವನ ಅಂಗೈಗೆ ಅವಳ ಲಿಂಗ ಇಡುವುದಕ್ಕೆ ಸಿದ್ಧ ಮಾಡುತ್ತಿದ್ದರು. ದೇವರ ಜಗಲಿಯ ಕಡೆ ಹೋದವರು ಕೈಯಲ್ಲಿ ಒಂದು ಸಣ್ಣ ಬೆಳ್ಳಿ ಕರಡಿಗೆ ಹಿಡಿದು ಬಂದರು. ಅದರ ಮೇಲೆ ಹಿಂದಿನ ದಿನದ ವಿಭೂತಿ, ಹೂವು ಇನ್ನೂ ಇತ್ತು. ಅಂದರೆ ಅವ್ವ ಏಳು ವರ್ಷ ದಿನಾ ತನ್ನ ಲಿಂಗದ ಪೂಜೆ ಮುಗಿಸಿ ಇದಕ್ಕೂ ಪೂಜೆ ಮಾಡಿದ್ದಳು. ಮಗಳು ಇಲ್ಲಿಲ್ಲ, ಮಗಳ ಲಿಂಗವಾದರೂ ಉಪವಾಸ ಇರಬಾರದು ಎಂದು.

"ಮನಿಯಾಕಿ ಲಿಂಗ ಕೊರಳಾಗೇ ಐತೆ. ಇದು ಯಾರದು?" ಎಂದರು ಅಯ್ಯನವರು.

ಅಪ್ಪ ಕಂಬ ನೋಡುತ್ತಾ ಕೂತ. ನಾನು ಬಾಗಿಲ ಕಡೆ ನೋಡಿದೆ. ತಂಗಿ ಕುರ್ಚಿಯಿಂದ ಎದ್ದು ನಿಂತಿದ್ದಳು. ಕನ್ನಡಕ ತೆಗೆದಿದ್ದಳು. ಅಷ್ಟು ಬೆಳಕಿನಲ್ಲಿ ಕಣ್ಣು ಬಿಡಲು ಅವಳಿಗೆ ಆಗುತ್ತಿರಲಿಲ್ಲ, ಆದರೂ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. "ನನ್ನ ತಂಗೀದು" ಎಂದರೆ ಸಾಕಿತ್ತು. ಅವಳು ಒಳಗೆ ಬರುತ್ತಿದ್ದಳು, ಅವ್ವನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು, ಮಗಳಾಗಿ ಅಳುತ್ತಿದ್ದಳು. ನನ್ನ ಗಂಡ ನನ್ನ ಪಕ್ಕದಲ್ಲೇ ಇದ್ದ.

"ಗೊತ್ತಿಲ್ರಿ. ಅವ್ವಂದೇ ಇರಬೇಕು, ಹಳೇದು" ಎಂದೆ.

"ಹಂಗಾರೆ ಇದೂ ಆಕಿ ಜೋಡೀನೇ ಹೋಗ್ಲಿ" ಎಂದು ಅಯ್ಯನವರು ಕರಡಿಗೆಯನ್ನು ಅವ್ವನ ಮಡಿಲಿಗೆ ಹಾಕಿದರು. ಬದುಕಿರುವವರ ಲಿಂಗವನ್ನು ಮಣ್ಣಿಗೆ ಹಾಕುವುದಿಲ್ಲ. ಸತ್ತವರ ಜೊತೆಗೆ ಮಾತ್ರ ಅದು ಹೋಗುತ್ತದೆ. ಆವತ್ತು ನಾನು ಏನು ಮಾಡಿದೆ ಎನ್ನುವುದು ನನಗೆ ಆ ಕ್ಷಣಕ್ಕೇ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಗಂಡ ನನ್ನ ಕಡೆ ಬಾಗಿ, "ನೋಡು, ಆ ದೊರೆಸಾನಿ ಕಣ್ಣಾಗ ಒಂದು ಹನಿ ಇಲ್ಲ. ಇಷ್ಟು ವರ್ಷ ಉಂಡು ಹೋದ ಮನಿ. ಆ ಜನಾನೇ ಹಂಗೆ" ಎಂದ.

ಮಣ್ಣು ಮಾಡಲು ಗಂಡಸರು ಹೋದ ಮೇಲೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಎಲೆಗೆ ಸುಣ್ಣ ಹಚ್ಚುತ್ತಾ, ಏನೂ ಆಗಿಲ್ಲದವರ ಹಾಗೆ, "ನಿನ್ನ ಕಾಲು ಒಮ್ಮೆ ನೋಡ್ಕೋ" ಎಂದರು. ನನಗೆ ಅರ್ಥವಾಗಲಿಲ್ಲ. "ನಿನ್ನ ನೋಡಾಕ ಬಂದ ದಿನ ನೀನು ಮುಂದೆ ಕುಂತಿದ್ದಿ, ಅಕಿ ಬಂದು ಪಕ್ಕದಾಗ ನಿಂತ್ಲು. ನಾಕು ಕಾಲು, ಒಂದೇ ಎರಕ. ನನಗೇನು ಕಣ್ಣಿಲ್ಲೇನು? ತಂಗಿ ಬಿಳಿ ಅದಾಳೆ ಅಂದಿದ್ರೂ ನಾನು ನಿನ್ನ ತರ್ತಿದ್ದೆ. ನನ್ನ ತವರಾಗೂ ಇಂಥದ್ದೊಂದು ಕೂಸು ಇತ್ತು. ಒಡಹುಟ್ಟಿದಾಕಿನ್ನ ಅಲ್ಲ ಅಂದಿ ನೋಡು, ಎಷ್ಟು ದಿನ ಹಂಗಂತೀ ನೋಡಾನ ಅಂತ ಸುಮ್ಮನಿದ್ದೆ."

ಗೂಡಿನ ಕಪ್ಪು-ಬಸಿ, ಬೊಗಸೆ ನೀರು, "ಕೊಡ್ಲೇನು, ನೀನೇ ಹೇಳು", ಎಲ್ಲ ನನ್ನನ್ನು ನೋಡುವುದಕ್ಕೆ. ನಾನು ಕಟ್ಟಿದ ಆಟವನ್ನು ಆ ಹೆಂಗಸು ನನಗಿಂತ ಚೆನ್ನಾಗಿ ಆಡಿದ್ದರು.

ತಂಗಿ ಆಗಲೇ ಹೊರಟುಹೋಗಿದ್ದಳು. ನಾನು ಸ್ಟೇಷನ್ನಿಗೆ ಓಡಿದೆ. ಹೊಸಲು ಕೂಡ ದಾಟಬಾರದ ದಿನ, ಸೆರಗು ಎಳೆದುಕೊಂಡು ಓಡಿದೆ. ತಂಗಿ ಬೆಂಚಿನ ಮೇಲೆ ಹರಿಹರದ ಗಾಡಿ ಕಾಯುತ್ತಾ ಕೂತಿದ್ದಳು. "ನಮ್ಮತ್ತೆಗೆ ಎಲ್ಲ ಗೊತ್ತಂತೆ, ಮೊದಲ್ನೇ ದಿನದಿಂದ ಗೊತ್ತಂತೆ, ಬಾ ಮನಿಗೆ" ಎಂದೆ, ಏದುಸಿರು ಬಿಡುತ್ತಾ.

"ನನಗೂ ಗೊತ್ತು" ಎಂದಳು. ಏಳು ವರ್ಷದ ಮೇಲೆ ಅವಳ ಬಾಯಲ್ಲಿ ಕನ್ನಡ ಕೇಳಿದೆ. "ನಿನ್ನ ಮದುವ್ಯಾಗೇ ನನಗ ಹೇಳಿದ್ರು. ನಿಮ್ಮಕ್ಕ ಯಾವತ್ತು ನಿನ್ನ ತಂಗಿ ಅಂತಾಳೋ ಅವತ್ತು ಒಳಗ ಬಾ, ಅಲ್ಲೀ ತನಕ ನೀನೂ ಬಾಯಿ ಬಿಡಬ್ಯಾಡ ಅಂದಿದ್ರು. ಅದಕ್ಕೇ ಕರೆದಾಗೆಲ್ಲ ಬರ್ತಿದ್ದೆ. ಇವತ್ತು ಅಂತೀಯ ಅಂತ ಬರ್ತಿದ್ದೆ." ಆಮೇಲೆ, "ಇನ್ಮ್ಯಾಲೆ ಬರಲ್ಲ" ಎಂದಳು.

ನಾನು ಅವಳ ಕಾಲ ಹತ್ತಿರ ಕೂತು ಅಳತೊಡಗಿದೆ. ಗಾಡಿ ಬಂತು. ಅವಳು ಎದ್ದು ಟೋಪಿ ಹಾಕಿಕೊಂಡಳು, ಕನ್ನಡಕ ಹಾಕಿಕೊಂಡಳು.

"ಅಳಬ್ಯಾಡಕ್ಕಾ, ಅತ್ತೋರು ಸೋತಂಗೆ" ಎಂದು ಗಾಡಿ ಹತ್ತಿದಳು.

ಮನೆಗೆ ಬಂದಾಗ ಗಂಡಸರು ಮಣ್ಣು ಮಾಡಿ ಬಂದು ಕೈಕಾಲು ತೊಳೆಯುತ್ತಿದ್ದರು. ಅತ್ತೆ ಎಲೆ ಅಡಿಕೆ ಜಗಿಯುತ್ತಾ ಕಟ್ಟೆಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಗಂಡ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ, "ಎಲ್ಲಿಗೆ ಹೋಗಿದ್ದಿ? ದೊರೆಸಾನಿಯವ್ರು ಹೋದ್ರೇನು?" ಎಂದು ಕೇಳಿದ.

"ಹೂಂ," ಎಂದೆ, "ಹೋದ್ರು."